ಮನೆಯ ಹಿರಿಯರಿಗೆ ಸಲ್ಲಬೇಕಾದ್ದು ಸಲ್ಲಲಿ



ಬೀಜೋಪಚಾರ, ಗೊಬ್ಬರ, ಕೀಟಬಾಧೆ ಇವನ್ನು ಕುರಿತು ಈ ಪುಟದಲ್ಲಿ ಓದುವುದು ನಿಮಗೆ ರೂಢಿ. ಈ ವಾರ ಬೆಳೆಯ ಮಾತು ಬೇಡ. ನಲವತ್ತು ಐವತ್ತು ವರ್ಷ ಬೆಳೆ ಬೆಳೆದು, ಈಗ ಕೈಲಾಗದೆ ಜಗಲಿಯ ಮೇಲೆ ಕುಳಿತಿರುವವರ ಮಾತು ಆಡೋಣ.

ಹೋದ ಮಳೆಗಾಲದಲ್ಲಿ ಶೇಂಗಾಕ್ಕೆ ಬಿದ್ದ ಸುರುಳಿಪೂಚಿ ನೋಡಲು ಚಳ್ಳಕೆರೆ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಆ ಊರಿನಲ್ಲಿ ನನ್ನ ಸೋದರತ್ತೆ ಇದ್ದಾರೆ. ವಯಸ್ಸು ಎಪ್ಪತ್ತೊಂದು. ಮಾವ ತೀರಿಕೊಂಡು ವರ್ಷಗಳಾದವು. ಮಗ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಾನೆ, ಆದಾಗ ಹಣ ಕಳಿಸುತ್ತಾನೆ. ಹೊಲದ ಕೆಲಸ ಮುಗಿಸಿ ಅತ್ತೆಯ ಮನೆಗೆ ಹೋದರೆ ಹಿಂದಿನ ಗೋಡೆ ಅರ್ಧ ಕುಸಿದಿತ್ತು. ಅದಕ್ಕೆ ತಾಡಪಾಲು ಕಟ್ಟಿದ್ದರು. ಮಾತಿನ ನಡುವೆ ಪಿಂಚಣಿ ಬರುತ್ತಿದೆಯೇ ಎಂದು ಕೇಳಿದೆ.

"ನಿಂತು ಎಂಟು ತಿಂಗಳಾಯ್ತು ಅಳಿಯಾ. ನನ್ನ ಹೆಸರು ಹೊಡೆದು ಹಾಕವ್ರೆ ಅಂತ ಕಾಣ್ತದೆ" ಎಂದರು.

"ಯಾರನ್ನಾದರೂ ಕೇಳಿದಿರಾ?"

"ಯಾರ್ನ ಕೇಳಾದು? ಕೊಡೋರು ಕೊಟ್ರು, ನಿಲ್ಲಿಸೋರು ನಿಲ್ಲಿಸಿದ್ರು."

ರಕ್ತದೊತ್ತಡದ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದಾರೆಂದು ಆಮೇಲೆ ತಿಳಿಯಿತು. ಮಾತ್ರೆ ಬೇಗ ಮುಗಿಯಬಾರದೆಂಬ ಲೆಕ್ಕ.

ಮರುದಿನ ಅತ್ತೆಯನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆ. ಅವರ ಹಳೆಯ ಖಾತೆಯಲ್ಲಿ ಏನೂ ಇರಲಿಲ್ಲ. ಪಿಂಚಣಿಯ ಹಣವನ್ನು ಯಾರೂ ನಿಲ್ಲಿಸಿರಲಿಲ್ಲ. ಹಿಂದಿನ ವರ್ಷ ಸ್ವಸಹಾಯ ಸಂಘದ ಸಾಲಕ್ಕೆಂದು ಅತ್ತೆ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರು. ಅಲ್ಲಿ ಹೆಬ್ಬೆಟ್ಟು ಒತ್ತಿದ ಕಾಗದಗಳಲ್ಲಿ, ಸರ್ಕಾರದ ಹಣ ಇನ್ನು ಮೇಲೆ ಈ ಖಾತೆಗೆ ಬರಲಿ ಎಂಬ ಒಪ್ಪಿಗೆಯೂ ಸೇರಿಹೋಗಿತ್ತು. ತಿಂಗಳಿಗೆ 1,200ರಂತೆ ಎಂಟು ತಿಂಗಳ 9,600 ರೂಪಾಯಿ ಆ ಖಾತೆಯಲ್ಲಿ ಸುಮ್ಮನೆ ಬಿದ್ದಿತ್ತು.

"ಹಂಗಾದ್ರೆ ನಾನು ಸುಮ್ಸುಮ್ನೆ ಮಾತ್ರೆ ಬಿಟ್ಟೆನಾ?" ಎಂದು ಅತ್ತೆ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಆ ವರ್ಷ ನಾನು ಅದೇ ಊರಿಗೆ ನಾಲ್ಕು ಸಲ ಹೋಗಿದ್ದೆ. ಊರಿನವರಿಗೆಲ್ಲ ಸಹಾಯಧನದ ಅರ್ಜಿ ತುಂಬಿಕೊಟ್ಟಿದ್ದೆ. ಸ್ವಂತ ಅತ್ತೆಯ ಪಾಸ್‌ಬುಕ್ ತೆರೆದು ನೋಡಿರಲಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ಹಿರಿಯರಿಗೆ ಬರಬೇಕಾದ್ದು ಹೆಚ್ಚಾಗಿ ತಪ್ಪಿಹೋಗುವುದು ಕಾನೂನಿನಿಂದ ಅಲ್ಲ, ಕಾಗದದಿಂದ. ಆ ಕಾಗದ ಸರಿಪಡಿಸಲು ಓದುಬರಹ ಬಲ್ಲ ಒಬ್ಬ ನೆಂಟ ಎರಡು ಮೂರು ದಿನ ಬಿಡುವು ಮಾಡಿಕೊಂಡರೆ ಸಾಕು.

ಯಾರಿಗೆ ಯಾವುದು?

ನಮ್ಮ ರಾಜ್ಯದಲ್ಲಿ 65 ವರ್ಷ ತುಂಬಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಆರಂಭವಾಯಿತು. ಇದರ ಮಾಸಾಶನವನ್ನು 2021ರಲ್ಲಿ 1,000 ರೂಪಾಯಿಯಿಂದ 1,200ಕ್ಕೆ ಏರಿಸಲಾಯಿತು. ಸಣ್ಣ ರೈತರು, ಅತಿ ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು ಮುಂತಾದವರಿಗಾಗಿಯೇ ಮಾಡಿದ ಯೋಜನೆ ಇದು.

ಬಡತನ ರೇಖೆಗಿಂತ ಕೆಳಗಿದ್ದು 60 ತುಂಬಿದವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ ಉಂಟು. ಗಂಡನನ್ನು ಕಳೆದುಕೊಂಡ ಬಡ ಹೆಣ್ಣುಮಕ್ಕಳಿಗೆ ವಿಧವಾ ವೇತನ ಉಂಟು. 2021ರಲ್ಲಿ ಅದನ್ನು 600ರಿಂದ 800 ರೂಪಾಯಿ ಮಾಡಲಾಯಿತು. ಒಬ್ಬರಿಗೆ ಇವುಗಳಲ್ಲಿ ಒಂದು ಮಾತ್ರ ಸಿಗುತ್ತದೆ, ಎರಡು ಸಿಗುವುದಿಲ್ಲ.

ಎರಡು ತಪ್ಪು ತಿಳಿವಳಿಕೆ

"ನನ್ನ ಹೆಸರಲ್ಲಿ ಎರಡೆಕರೆ ಹೊಲ ಐತೆ, ನಂಗೆ ಕೊಡಲ್ಲ" ಎನ್ನುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಇದು ಸರಿಯಲ್ಲ. ಸಣ್ಣ ರೈತರ ಹೆಸರು ಯೋಜನೆಯಲ್ಲಿ ಸ್ಪಷ್ಟವಾಗಿಯೇ ಇದೆ. ಎರಡೆಕರೆ ಮಳೆಯಾಶ್ರಿತ ಭೂಮಿ ಯಾರನ್ನೂ ಸಾಹುಕಾರರನ್ನಾಗಿ ಮಾಡುವುದಿಲ್ಲ. ನೋಡುವುದು ವಾರ್ಷಿಕ ವರಮಾನವನ್ನು. ಅದಕ್ಕೆ ಮಿತಿ ಉಂಟು.

ಇನ್ನೊಂದು ಮಾತು, "ಗಂಡುಮಕ್ಕಳಿದ್ದಾರಲ್ಲ, ನಿಮಗ್ಯಾಕೆ" ಎಂಬುದು. ಸಂಧ್ಯಾ ಸುರಕ್ಷಾದಲ್ಲಿ ಲೆಕ್ಕಕ್ಕೆ ಹಿಡಿಯುವುದು ಅರ್ಜಿದಾರರ ಮತ್ತು ಅವರ ಗಂಡ ಅಥವಾ ಹೆಂಡತಿಯ ವರಮಾನವನ್ನು. ದೂರದ ಊರಿನಲ್ಲಿ ಕೂಲಿ ಮಾಡುವ ಮಗ ಇದ್ದಾನೆ ಎಂಬುದಷ್ಟರಿಂದಲೇ ತಾಯಿಯ ಅರ್ಜಿ ಬಿದ್ದುಹೋಗಬಾರದು.

ಇವೆರಡಕ್ಕಿಂತ ದೊಡ್ಡ ಅಡ್ಡಿ ಸಂಕೋಚ. ಸರ್ಕಾರದ ದುಡ್ಡಿಗೆ ಕೈಯೊಡ್ಡುವುದೇ ಎಂದು ಹಿಂಜರಿಯುವ ಹಿರಿಯರಿದ್ದಾರೆ. ಬೆಳೆ ವಿಮೆಯ ಹಣವನ್ನು ನಾವು ಭಿಕ್ಷೆ ಎನ್ನುವುದಿಲ್ಲ. ಮೈಮುರಿದು ದುಡಿದವರಿಗೆ ಮುಪ್ಪಿನಲ್ಲಿ ಸಲ್ಲುವ ಮಾಸಾಶನವೂ ಹಾಗೆಯೇ ಹಕ್ಕಿನ ಹಣ. ಇದನ್ನು ಅವರಿಗೆ ಬಿಡಿಸಿ ಹೇಳುವುದು ನಿಮ್ಮ ಕೆಲಸ.

ಅರ್ಜಿಗೆ ಮುಂಚೆ ಕಾಗದ ಹದ ಮಾಡಿ

ಹೊಲ ಹಸನು ಮಾಡದೆ ಬಿತ್ತುವವರಿಲ್ಲ. ಅರ್ಜಿಯೂ ಹಾಗೆ. ಮೊದಲು ಹಿರಿಯರ ಟ್ರಂಕು ತೆಗೆಸಿ. ಆಧಾರ್, ಪಡಿತರ ಚೀಟಿ, ಚುನಾವಣಾ ಗುರುತಿನ ಚೀಟಿ, ಪಾಸ್‌ಬುಕ್ ಇವು ನಾಲ್ಕನ್ನೂ ಚಾಪೆಯ ಮೇಲೆ ಸಾಲಾಗಿ ಇಟ್ಟು ಹೋಲಿಸಿ ನೋಡಿ.

ಹೆಸರು: ಒಂದರಲ್ಲಿ ಹನುಮಕ್ಕ, ಇನ್ನೊಂದರಲ್ಲಿ ಹನುಮಂತಮ್ಮ, ಮೂರನೆಯದರಲ್ಲಿ ಗಂಡನ ಹೆಸರೂ ಸೇರಿ ಬೇರೆಯೇ. ಊರಿಗೆ ಒಬ್ಬಳೇ ಆದವಳು ಕಚೇರಿಯಲ್ಲಿ ಮೂವರಾಗುತ್ತಾಳೆ. ಆಧಾರ್‌ನಲ್ಲಿರುವ ಹೆಸರಿಗೆ ಉಳಿದವನ್ನು ಹೊಂದಿಸುವುದು ಸುಲಭ.

ವಯಸ್ಸು: ಶಾಲೆಗೆ ಹೋಗದವರ ವಯಸ್ಸನ್ನು ಆಧಾರ್ ಮಾಡಿಸುವಾಗ ಅಂದಾಜಿನ ಮೇಲೆ ಬರೆದಿರುತ್ತಾರೆ. ಎಷ್ಟೋ ಸಲ ಎಂಟು ಹತ್ತು ವರ್ಷ ಕಡಿಮೆ ಬಿದ್ದಿರುತ್ತದೆ. ಹುಟ್ಟಿದ ದಿನಾಂಕವನ್ನು ಆಧಾರ್‌ನಲ್ಲಿ ಸಾಮಾನ್ಯವಾಗಿ ಒಂದೇ ಸಲ ತಿದ್ದಲು ಅವಕಾಶ. ಆದುದರಿಂದ ತಕ್ಕ ದಾಖಲೆ ಕೈಯಲ್ಲಿಲ್ಲದೆ ಅವಸರದಿಂದ ತಿದ್ದಿಸಲು ಹೋಗಬೇಡಿ.

ಮರಣ ಪತ್ರ: ವಿಧವಾ ವೇತನಕ್ಕೂ ಪೌತಿ ಖಾತೆಗೂ ಇದು ಬೇಕೇ ಬೇಕು. ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ಕೆಲಸ ಹಗುರ. ವರ್ಷ ಮೀರಿದರೆ ಅಲೆದಾಟ ಹೆಚ್ಚು. ಮನೆಯಲ್ಲಿ ಸಾವಾದಾಗ ಕಾಗದದ ನೆನಪು ಯಾರಿಗೂ ಇರುವುದಿಲ್ಲ. ನೆಂಟರಲ್ಲಿ ಒಬ್ಬರು ಇದನ್ನು ಮೈಮೇಲೆ ಹಾಕಿಕೊಳ್ಳಬೇಕು.

ಮೊಬೈಲ್: ಆಧಾರ್‌ಗೆ ಜೋಡಿಸಿದ ಸಂಖ್ಯೆ ಈಗಲೂ ಚಾಲ್ತಿಯಲ್ಲಿದೆಯೇ ನೋಡಿ. ಮಣ್ಣು ಕೆಲಸ ಮಾಡಿದವರ ಬೆರಳಚ್ಚು ಸವೆದಿರುತ್ತದೆ, ಯಂತ್ರ ಹಿಡಿಯುವುದಿಲ್ಲ. ಆಗ ಮೊಬೈಲಿಗೆ ಬರುವ ಗುಪ್ತಸಂಖ್ಯೆ ಉಪಯೋಗಕ್ಕೆ ಬರುತ್ತದೆ.

ಅರ್ಜಿಯ ದಾರಿ

ಅರ್ಜಿ ಕೊಡುವ ಸ್ಥಳ ಹೋಬಳಿಯ ನಾಡಕಚೇರಿ. ಅಲ್ಲಿಂದ ಗ್ರಾಮ ಆಡಳಿತ ಅಧಿಕಾರಿ ಸ್ಥಳ ಪರಿಶೀಲನೆಗೆ ಬರುತ್ತಾರೆ. ಹಿರಿಯರ ಬಾಯಲ್ಲಿ ಇವರು ಇನ್ನೂ ಶಾನುಭೋಗರೇ. ಬಳಿಕ ಕಂದಾಯ ನಿರೀಕ್ಷಕರ ವರದಿ, ಆಮೇಲೆ ಮಂಜೂರಾತಿ.

ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. 2011ರ ಸಕಾಲ ಕಾಯ್ದೆಯ ಪ್ರಕಾರ ಅದರಲ್ಲಿ 15 ಅಂಕಿಗಳ ಸಂಖ್ಯೆಯಿರುತ್ತದೆ. ಅರ್ಜಿ ಎಲ್ಲಿದೆ ಎಂಬುದನ್ನು ಅದರಿಂದ ತಿಳಿಯಬಹುದು. ಗೊತ್ತುಪಡಿಸಿದ ಅವಧಿ ಮೀರಿದರೆ ಮೇಲ್ಮನವಿಗೆ ಅವಕಾಶವಿದೆ. ತಡವಾದ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರವೂ ಉಂಟು. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲೇ ಕೇಳಿ. "ಆಗಲ್ಲ ಹೋಗಜ್ಜಿ" ಎಂಬ ಬಾಯಿಮಾತಿಗೆ ಹಿಂದಿರುಗಬೇಡಿ. ಚೀಟಿ ಕೈಯಲ್ಲಿದ್ದರೆ ದಳ್ಳಾಳಿಯ ಅಗತ್ಯವೇ ಬೀಳುವುದಿಲ್ಲ.

ಬರುತ್ತಿದ್ದ ಹಣ ನಿಂತರೆ

ಮೊದಲು ಖಾತೆ ನೋಡಿ. ಆಧಾರ್ ಮೂಲಕ ಬರುವ ಹಣ, ಕೊನೆಯದಾಗಿ ಆಧಾರ್ ಜೋಡಣೆಗೆ ಒಪ್ಪಿಗೆ ಕೊಟ್ಟ ಖಾತೆಗೇ ಹೋಗುತ್ತದೆ. ಅತ್ತೆಯ ವಿಷಯದಲ್ಲಿ ಆದದ್ದು ಇದೇ. ಸಂಘಕ್ಕೆ, ಡೈರಿಗೆ, ಸಾಲಕ್ಕೆ ಎಂದು ಹೊಸ ಖಾತೆ ತೆರೆಯುವಾಗ ಯಾವುದಕ್ಕೆ ಹೆಬ್ಬೆಟ್ಟು ಒತ್ತಿಸುತ್ತಿದ್ದಾರೆಂದು ಕೇಳಿ ತಿಳಿಯಿರಿ.

ಖಾತೆ ಸರಿಯಿದ್ದೂ ಹಣವಿಲ್ಲದಿದ್ದರೆ, ಪರಿಶೀಲನೆಯಲ್ಲಿ ಹೆಸರು ಬಿಟ್ಟುಹೋಗಿರಬಹುದು. ಅಜ್ಜಿ ಬಾಣಂತನಕ್ಕೆಂದು ಮಗಳ ಊರಿಗೆ ಹೋದಾಗ ಪರಿಶೀಲನೆ ನಡೆದರೆ "ಊರಿನಲ್ಲಿ ಇಲ್ಲ" ಎಂದು ಬರೆದುಕೊಂಡು ಹೋಗುತ್ತಾರೆ. ಬದುಕಿದ್ದವರನ್ನು ತೀರಿಕೊಂಡರೆಂದು ಬರೆದದ್ದೂ ಉಂಟು. ಇಂಥದ್ದಕ್ಕೆ ತಹಶೀಲ್ದಾರರು ನಡೆಸುವ ಪಿಂಚಣಿ ಅದಾಲತ್ ತಕ್ಕ ಜಾಗ. ಹಿರಿಯರನ್ನು ಖುದ್ದಾಗಿ ಕರೆದುಕೊಂಡು ಹೋಗಿ. ಅವರೇ ಎದುರಿಗೆ ನಿಂತಾಗ ಬೇರೆ ಸಾಕ್ಷಿ ಬೇಡ.

ಹಣ ಬಿಡಿಸಿಕೊಳ್ಳುವಾಗಲೂ ಎಚ್ಚರ ಬೇಕು. ಯಂತ್ರಕ್ಕೆ ಬೆರಳು ಕೊಟ್ಟ ಪ್ರತಿ ಸಲವೂ ಚೀಟಿ ಕೇಳಿ. ಬೆರಳು ಹತ್ತಲಿಲ್ಲವೆಂದು ಎರಡನೆಯ ಸಲ ಒತ್ತಿಸಿದರೆ ಮೊದಲನೆಯದರಲ್ಲಿ ಹಣ ಹೋಗಿಲ್ಲವೆಂದು ಖಚಿತಪಡಿಸಿಕೊಳ್ಳಿ. ಮತ್ತೊಂದು ಮಾತು: ಸಹಾಯ ಮಾಡಿದೆವೆಂದು ಹಿರಿಯರ ಪಾಸ್‌ಬುಕ್ಕನ್ನು ನಾವು ಇಟ್ಟುಕೊಳ್ಳಬಾರದು. ಹಣ ಅವರದು, ಪುಸ್ತಕವೂ ಅವರ ಟ್ರಂಕಿನಲ್ಲೇ ಇರಲಿ.

ಇರಲು ಸೂರು

ಮನೆಯ ವಿಷಯ ನಾಡಕಚೇರಿಯದಲ್ಲ, ಗ್ರಾಮ ಪಂಚಾಯಿತಿಯದು. 2016ರಿಂದ ನಡೆದಿರುವ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ ನೆರವು ಗೊತ್ತುಮಾಡಲಾಗಿದೆ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ರಾಜ್ಯದ ಬಸವ ವಸತಿ, ಡಾ. ಬಿ. ಆರ್. ಅಂಬೇಡ್ಕರ್ ನಿವಾಸ್ ಯೋಜನೆಗಳೂ ಇವೆ. ಯಾವುದೇ ಆಗಲಿ, ಪಟ್ಟಿ ಗ್ರಾಮಸಭೆಯ ಮುಂದೆ ಬರಬೇಕು. ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕೆಂಬುದು ಕಾಯ್ದೆ. ಹಿರಿಯರು ಸಭೆಗೆ ಬರಲಾರರು, ಬಂದರೂ ಮಾತನಾಡಲಾರರು. ಅವರ ಪರವಾಗಿ ಎದ್ದು ನಿಂತು ಹೆಸರು ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಯಿಸಿ.

ಮನೆಯ ಜಾಗ ಯಾರ ಹೆಸರಿನಲ್ಲಿದೆ ಎಂಬುದನ್ನು ಮುಂಚೆಯೇ ನೋಡಿ. ತೀರಿಕೊಂಡ ಗಂಡನ ಅಥವಾ ಮಾವನ ಹೆಸರಿನಲ್ಲಿದ್ದರೆ ಖಾತೆ ಬದಲಾಯಿಸಿ ನಮೂನೆ 9 ಮತ್ತು 11 ಪಡೆಯಬೇಕು. ಸರ್ಕಾರಿ ಜಾಗದಲ್ಲಿ ಬಹುಕಾಲದಿಂದ ಮನೆ ಕಟ್ಟಿಕೊಂಡಿರುವವರಿಗೆ ಭೂ ಕಂದಾಯ ಕಾಯ್ದೆಯ 94-ಸಿ ಕಲಮಿನಲ್ಲಿ ಸಕ್ರಮಕ್ಕೆ ದಾರಿಯಿದೆ.

ಹಣ ಒಟ್ಟಿಗೆ ಬರುವುದಿಲ್ಲ, ಕೆಲಸದ ಹಂತ ನೋಡಿ ಕಂತಿನಲ್ಲಿ ಬರುತ್ತದೆ. ಕೈಯಲ್ಲಿ ಕಾಸಿಲ್ಲದ ಮುದುಕರ ಮನೆಗಳು ತಳಪಾಯದಲ್ಲೇ ನಿಲ್ಲುವುದು ಇದರಿಂದ. ಆದುದರಿಂದ ಕಾರ್ಯಾದೇಶ ಕೈಗೆ ಬರುವ ಮುನ್ನ ಹಳೆಯ ಮನೆ ಕೆಡವಬೇಡಿ. ಕೇಂದ್ರದ ಯೋಜನೆಯಲ್ಲಿ ಇನ್ನೊಂದು ಅನುಕೂಲವಿದೆ, ತಿಳಿದವರು ಕಡಿಮೆ. ಫಲಾನುಭವಿ ತೀರ ವೃದ್ಧರಾಗಿದ್ದು ಮನೆ ಕಟ್ಟಿಸಿಕೊಳ್ಳಲಾರದೆ ಇದ್ದರೆ, ಅಂಥ ಮನೆಯನ್ನು ಗಾರೆ ಕೆಲಸದ ತರಬೇತಿಯ ಭಾಗವಾಗಿ ಕಟ್ಟಿಸಿಕೊಡಬಹುದೆಂದು ಮಾರ್ಗಸೂಚಿಯೇ ಹೇಳುತ್ತದೆ. ಪಂಚಾಯಿತಿಯಲ್ಲಿ ಇದನ್ನು ಬಾಯಿಬಿಟ್ಟು ಕೇಳಿ.

ಹೊಲ ಬರೆದುಕೊಡುವ ಮುನ್ನ

ಇರುವ ಹೊಲ ಮನೆಯನ್ನು ಮಕ್ಕಳಿಗೆ ಬರೆದುಕೊಟ್ಟು ಊಟಕ್ಕೆ ಪರದಾಡುವ ಹಿರಿಯರನ್ನು ನಾವೆಲ್ಲ ಕಂಡಿದ್ದೇವೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯ್ದೆ ಇವರಿಗಾಗಿ ಇದೆ. ದೂರು ಕೊಡುವುದು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ. ಮಕ್ಕಳಿಲ್ಲದವರು, ತಮ್ಮ ಆಸ್ತಿ ಅನುಭವಿಸುವ ಅಥವಾ ಮುಂದೆ ಪಡೆಯುವ ನೆಂಟರಿಂದಲೂ ಜೀವನಾಂಶ ಕೇಳಬಹುದು.

ಕಾಯ್ದೆಯ 23ನೆಯ ಕಲಮು ಮುಖ್ಯವಾದದ್ದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದಾಗ ಹಿಂದಕ್ಕೆ ಪಡೆಯಬಹುದು. ಆದರೆ ಷರತ್ತು ಇತ್ತೆಂಬುದು ಸಿದ್ಧವಾಗಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೀಗಾಗಿ ದಾನಪತ್ರ ಬರೆಸುವಾಗಲೇ "ಅನ್ನ, ಬಟ್ಟೆ, ಔಷಧಿ, ಇರಲು ಜಾಗ ಕೊಟ್ಟು ನೋಡಿಕೊಳ್ಳತಕ್ಕದ್ದು" ಎಂಬ ಮಾತು ಪತ್ರದಲ್ಲಿ ಇರಲಿ. ಒಳ್ಳೆಯ ಮಗನಿಗೆ ಅದರಿಂದ ನಷ್ಟವಿಲ್ಲ.

ದಾರಿ ಕಾಣದಾದಾಗ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ಈ ವಾರವೇ ಒಂದು ಕೆಲಸ

ಅತ್ತೆಯ 9,600 ರೂಪಾಯಿಯಲ್ಲಿ ಇಟ್ಟಿಗೆ, ಸಿಮೆಂಟು ಬಂದವು. ಮಗ ಬೆಂಗಳೂರಿನಿಂದ ನಾಲ್ಕು ದಿನ ಬಂದು ತಾನೇ ಗೋಡೆ ಎತ್ತಿದ. ಮನೆಯ ಪಟ್ಟಿಗೆ ಹೆಸರು ಸೇರಿದೆ, ಸರದಿ ಇನ್ನೂ ಬಂದಿಲ್ಲ. ಮಾತ್ರೆಯನ್ನು ಈಗ ದಿನವೂ ನುಂಗುತ್ತಾರೆ. ಪಾಸ್‌ಬುಕ್ಕಿಗೆ ತಿಂಗಳಿಗೊಮ್ಮೆ ಬರೆಯಿಸಿಕೊಂಡು ಬರುವ ಕೆಲಸವನ್ನು ಪಕ್ಕದ ಮನೆಯ ಹೈಸ್ಕೂಲು ಹುಡುಗಿ ವಹಿಸಿಕೊಂಡಿದ್ದಾಳೆ.

ಈ ಪತ್ರಿಕೆಯನ್ನು ವಾಚನಾಲಯದಲ್ಲಿ ಮಡಿಸಿಟ್ಟು ಮನೆಗೆ ಹೋಗುವಾಗ ದಾರಿಯಲ್ಲಿ ನಿಮ್ಮ ದೊಡ್ಡಪ್ಪನ ಮನೆಯೋ ಚಿಕ್ಕಮ್ಮನ ಮನೆಯೋ ಸಿಗುತ್ತದೆ. ಒಳಗೆ ಹೋಗಿ ಕುಳಿತುಕೊಳ್ಳಿ. ಪಿಂಚಣಿ ಬರುತ್ತಿದೆಯೇ ಎಂದು ಕೇಳಿ. ಬರುತ್ತಿದೆ ಎಂದರೂ ಪಾಸ್‌ಬುಕ್ ತೆಗೆಸಿ, ಕೊನೆಯ ಹಾಳೆಯನ್ನು ಕಣ್ಣಾರೆ ನೋಡಿ.