ಹಳೆ ಗುಂಪಿಗೆ ಗಿನಿ ಮರಿ: ಅವಸರ ಬ್ಯಾಡ

ಜತ್ತ: ಹಾವು ಕಂಡರೂ, ಹೊಸಬರು ಬಂದರೂ ಕಿರುಚಿ ವಸ್ತಿಯವರನ್ನೆಲ್ಲ ಎಬ್ಬಿಸುವ ಗಿನಿ ಕೋಳಿ ಒಣಬೇಸಾಯದವರಿಗೆ ಹೇಳಿ ಮಾಡಿಸಿದ ಪಕ್ಷಿ. ಹುಳ, ಉಣ್ಣಿ ಹೆಕ್ಕಿ ತಿನ್ನುವುದರಿಂದ ಕಾಳಿನ ಖರ್ಚೂ ಕಡಿಮೆ. ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯ ಕಾದಂಬರಿ, ಚಿತಾಂಬರಿ, ಶ್ವೇತಾಂಬರಿ ತಳಿಗಳು ಹೆಸರುವಾಸಿ. ಆದರೆ ಮರಿಗಳನ್ನು ಸೀದಾ ದೊಡ್ಡವುಗಳ ನಡುವೆ ಬಿಟ್ಟರೆ ಸಾಕಿದ ಶ್ರಮ, ದುಡ್ಡು ಎರಡೂ ನೀರುಪಾಲು. ಹಳೆ ಕೋಳಿಗಳು ಅಟ್ಟಿಸಿಕೊಂಡು ಕುಕ್ಕುತ್ತವೆ. ಮೂಲೆಗೆ ಸಿಕ್ಕ ಮರಿ ಉಳಿಯುವುದು ಕಷ್ಟ.

26ರಿಂದ 28 ದಿನಕ್ಕೆ ತತ್ತಿಯೊಡೆದು ಬರುವ ಮರಿಗಳಿಗೆ ಮೊದಲ ವಾರಗಳಲ್ಲಿ ಥಂಡಿ, ಹಸಿಯೇ ವೈರಿ. ಬೇರೆ ಕಡೆ ಬೆಚ್ಚಗೆ ಇಡಬೇಕು. ಪುಕ್ಕ ತುಂಬಿ ಮೈ ಬಲಿತ ಮೇಲೆ ದೊಡ್ಡವುಗಳ ಗೂಡಿನಲ್ಲೇ ತಂತಿ ಜಾಳಿಗೆ ಕಟ್ಟಿ ಒಂದು ಬದಿ ಬಿಡಬೇಕು. ಎರಡು ವಾರ ಒಂದನ್ನೊಂದು ನೋಡಲಿ, ಕುಕ್ಕಲು ಮಾತ್ರ ಸಿಗದಿರಲಿ.

ಜಾಳಿಗೆ ತೆಗೆಯುವಾಗ ಒಂಟಿ ಮರಿ ಬಿಡಬ್ಯಾಡ್ರಿ, ಎಲ್ಲವನ್ನೂ ಕೂಡೇ ಬಿಡ್ರಿ. ನೀರು, ಕಾಳು ಎರಡು-ಮೂರು ಕಡೆ ಇಡ್ರಿ. ಅಡಗಲು ಗೋಡೆಗೆ ಹಲಗೆ ಓರೆ ಮಾಡಿರಿ. ಸ್ವಲ್ಪ ಓಡಿಸಾಡಿದರೆ ಚಿಂತಿಲ್ಲ. ರಕ್ತ ಕಂಡರೆ ಮಾತ್ರ ಆ ಮರಿಯನ್ನು ತಕ್ಷಣ ಬೇರೆ ಮಾಡಬೇಕು, ಇಲ್ಲವಾದರೆ ಉಳಿದವೂ ಅಲ್ಲೇ ಕುಕ್ಕುತ್ತವೆ.

ಕೆಲ ದಿನ ಗೂಡಿನಲ್ಲೇ ಕೂಡಿ ಹಾಕಿ, ಆಮೇಲೆ ಹೊಲಕ್ಕೆ ಬಿಡಬೇಕು. ಸಂಜೆ ಹಳೆಯವುಗಳ ಹಿಂದೆ ತಾವಾಗಿ ಗೂಡಿಗೆ ಬಂದರೆ ಮರಿಗಳು ಗುಂಪಿಗೆ ಸೇರಿದಂತೆ.