‘ಕೇಳು’ ಧಾತುವೂ ಮೇಲಧಿಕಾರಿಯ ಕಲಿಕೆಯೂ

ಕನ್ನಡದ ‘ಕೇಳು’ ಧಾತುವಿಗೆ ಪ್ರಶ್ನಿಸು, ಆಲಿಸು ಎಂಬ ಎರಡೂ ಅರ್ಥಗಳುಂಟು. ಮರಾಠಿಯಲ್ಲಿ ಇವಕ್ಕೆ ‘ವಿಚಾರಣೇ’, ‘ಐಕಣೇ’ ಎಂಬ ಎರಡು ಬೇರೆ ಕ್ರಿಯಾಪದಗಳಿವೆ. ಎರಡೂ ಭಾಷೆಗಳಲ್ಲಿ ಓದಿ ಬೆಳೆದ ನನಗೆ, ಇಂದು ಉದ್ಯೋಗಕ್ಷೇತ್ರದಲ್ಲಿ ‘ಕೋಚಿಂಗ್’ ಎನಿಸಿಕೊಂಡಿರುವ ಕೌಶಲದ ಸಾರವೆಲ್ಲ ಈ ಒಂದು ಧಾತುವಿನಲ್ಲಿ ಅಡಗಿದೆಯೆಂದು ತೋರುತ್ತದೆ.

‘ಕೋಚ್’ ಶಬ್ದದ ಮೂಲ ಹಂಗೇರಿಯ ಒಂದು ಹಳ್ಳಿಯ ಹೆಸರು. ಅಲ್ಲಿ ತಯಾರಾಗುತ್ತಿದ್ದ ಕುದುರೆಗಾಡಿಗೆ ಆ ಹೆಸರು ಬಂದಿತು. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿದ್ಯಾರ್ಥಿಗಳು, ಪರೀಕ್ಷೆಯನ್ನು ದಾಟಿಸುವ ಖಾಸಗಿ ಬೋಧಕನನ್ನು ಹೀಗೆ ಕರೆದರು. ಬಳಿಕ ಅದು ಕ್ರೀಡಾಂಗಣಕ್ಕೆ ಹೋಯಿತು. ಆಟಗಾರನ ಮೇಲೆ ಸೂಚನೆಗಳನ್ನು ಹೇರುವುದಕ್ಕಿಂತ ಅವನೇ ಚೆಂಡನ್ನು ಗಮನಿಸುವಂತೆ ಮಾಡುವುದು ಮೇಲೆಂದು ಟಿಮೊಥಿ ಗಾಲ್ವೆ 1974ರ ತಮ್ಮ ಟೆನಿಸ್ ಗ್ರಂಥದಲ್ಲಿ ಪ್ರತಿಪಾದಿಸಿದರು. ಈ ವಿಚಾರವನ್ನು ಕಚೇರಿಗಳಿಗೆ ತಂದವರಲ್ಲಿ ಜಾನ್ ವಿಟ್ಮೋರ್ ಪ್ರಮುಖರು. 1992ರಲ್ಲಿ ಪ್ರಕಟವಾದ ಅವರ ಗ್ರಂಥವು ಜನಪ್ರಿಯಗೊಳಿಸಿದ ಕ್ರಮದಲ್ಲಿ ನಾಲ್ಕು ಹಂತಗಳಿವೆ: ಗುರಿ, ವಾಸ್ತವಸ್ಥಿತಿ, ಸಾಧ್ಯ ಮಾರ್ಗಗಳು, ಸಂಕಲ್ಪ.

ಒಂದು ಟವೆಲ್ ಕಾರಖಾನೆಯನ್ನು ಊಹಿಸಿರಿ. ಕಟ್ಟುಗಳ ಮೇಲೆ ಲೇಬಲ್ ಅದಲುಬದಲಾಗುತ್ತಿದೆ. “ಏಕೆ ತಪ್ಪು ಮಾಡಿದಿರಿ?” ಎಂದು ವ್ಯವಸ್ಥಾಪಕರು ಕೇಳಿದರೆ, “ಇನ್ನೊಮ್ಮೆ ಆಗುವುದಿಲ್ಲ, ಸಾಹೇಬರೇ” ಎಂಬ ಉತ್ತರ ಬರುತ್ತದೆ. ಮಾತು ಮುಗಿಯಿತು, ಕಾರಣ ತಿಳಿಯಲಿಲ್ಲ. ಅದೇ ವ್ಯವಸ್ಥಾಪಕರು “ಯಾವ ಹೊತ್ತಿನಲ್ಲಿ ಹೆಚ್ಚು ತಪ್ಪಾಗುತ್ತದೆ?” ಎಂದು ಕೇಳಿ ಸುಮ್ಮನಿದ್ದರೆ, “ಪಾಳಿ ಬದಲಾಗುವಾಗ. ಎರಡು ಆರ್ಡರುಗಳ ಲೇಬಲ್ ಒಂದೇ ಮೇಜಿನ ಮೇಲಿರುತ್ತವೆ” ಎಂಬ ಮಾತು ಹೊರಬರಬಹುದು. “ಏನು ಮಾಡಿದರೆ ಸರಿಹೋದೀತು?” “ಒಂದು ಆರ್ಡರು ಮುಗಿದ ಮೇಲೆಯೇ ಇನ್ನೊಂದರ ಲೇಬಲ್ ತರಬೇಕು.” “ಎಂದಿನಿಂದ?” “ಇಂದಿನಿಂದಲೇ.” ಪರಿಹಾರ ಕೆಲಸಗಾರನದೇ ಆದುದರಿಂದ ಅದನ್ನು ಪಾಲಿಸುವ ಹೊಣೆಯೂ ಅವನದೇ ಆಗುತ್ತದೆ.

ಈ ಕೌಶಲ ಹುಟ್ಟಿನಿಂದ ಬರುವುದಲ್ಲ; ಅಭ್ಯಾಸದಿಂದ ಸಾಧಿಸತಕ್ಕದ್ದು. ಇಲ್ಲಿ ವ್ಯಾಕರಣವೂ ನೆರವಾಗುತ್ತದೆ. ‘ಏಕೆ’ ಎಂಬುದು ಆಪಾದನೆಯಂತೆ ಕೇಳಿಸುವೆಡೆ ‘ಏನು’, ‘ಹೇಗೆ’, ‘ಯಾವಾಗ’ಗಳನ್ನು ಬಳಸಬೇಕು. “ಹೀಗೆ ಮಾಡಬಹುದಲ್ಲವೇ?” ಎಂಬುದು ಪ್ರಶ್ನೆಯ ವೇಷ ತೊಟ್ಟ ಆಜ್ಞೆ; ಅದನ್ನು ಬಿಡಬೇಕು. ಪ್ರಶ್ನೆಯ ಬಳಿಕದ ಮೌನವನ್ನು ಸಹಿಸಬೇಕು. ಕೇಳಿದ್ದನ್ನು ತಮ್ಮ ಮಾತಿನಲ್ಲಿ ಮರಳಿ ಹೇಳಿ, ಸರಿಯಾಗಿ ಅರ್ಥವಾಯಿತೇ ಎಂದು ಖಚಿತಪಡಿಸಿಕೊಳ್ಳಬೇಕು. ಕೆಲಸಗಾರನು ತನ್ನ ಮನೆಮಾತಿನಲ್ಲಿ ಉತ್ತರಿಸಲು ಅವಕಾಶವಿರಬೇಕು. ಪರಭಾಷೆಯಲ್ಲಿ ತಡವರಿಸುವವನನ್ನು ನಾವು ಬೇಗನೆ ದಡ್ಡನೆಂದು ತೀರ್ಮಾನಿಸಿಬಿಡುತ್ತೇವೆ.

ಈ ಮಾರ್ಗಕ್ಕೂ ಮಿತಿಯುಂಟು. ಯಂತ್ರಕ್ಕೆ ಬೆಂಕಿ ತಗುಲಿದಾಗ ಪ್ರಶ್ನೆ ಸಲ್ಲದು, ಆಜ್ಞೆಯೇ ಬೇಕು. ಏನೂ ಅರಿಯದ ಹೊಸಬನಿಗೆ ಮೊದಲು ಕಲಿಸಬೇಕು.

ವಿದ್ಯಾರ್ಥಿಗಳೇ, ನಾಳೆ ನಿಮ್ಮ ಕೈಕೆಳಗೂ ನಾಲ್ವರು ದುಡಿಯಬಹುದು. ಮರಾಠಿಯ ‘ವಿಚಾರಣೇ’ ಬರಿಯ ಕೇಳುವಿಕೆ. ಕನ್ನಡದಲ್ಲಿ ‘ವಿಚಾರಣೆ’ ಎಂದರೆ ಕಟಕಟೆ ನೆನಪಾಗುತ್ತದೆ. ನಿಮ್ಮ ಪ್ರಶ್ನೆ ಅವರನ್ನು ಕಟಕಟೆಯಲ್ಲಿ ನಿಲ್ಲಿಸದಿರಲಿ. ‘ಕೇಳು’ ಧಾತುವಿನ ಎರಡನೆಯ ಅರ್ಥವನ್ನೂ ಅಂದು ಮರೆಯದಿರಿ.