ಬಡಿಸುವ ಮುನ್ನ ಉಪ್ಪು ನೋಡಬೇಕು

ಅಡುಗೆಯವನು ಸಾರನ್ನು ಎಲೆಗೆ ಬಡಿಸುವ ಮುನ್ನ ಉಪ್ಪು ಹುಳಿ ನೋಡುತ್ತಾನೆ. ಉಂಡೆದ್ದವರನ್ನು ಕೇಳಿ ಉಪ್ಪು ಹಾಕುವವನನ್ನು ಯಾವ ಯಜಮಾನನೂ ಇರಿಸಿಕೊಳ್ಳಲಾರನು. ನಮ್ಮ ಹೋಟೆಲು ಬಂಧುಗಳು ಚೆನ್ನಾಗಿ ಬಲ್ಲ ಈ ನಿಯಮವು ಸೇತುವೆ ಕಟ್ಟಿಸುವ ಸರಕಾರಕ್ಕೂ ಅನ್ವಯಿಸತಕ್ಕದ್ದಾಗಿದೆ.

ಕೊಚ್ಚಿಯ ವೈಟ್ಟಿಲದ ಮೇಲ್ಸೇತುವೆಯು 2021ರ ಜನವರಿ 9ರಂದು ಸಂಚಾರಕ್ಕೆ ತೆರೆಯಿತು. ಅಂದು ಅದೇ ಬೈಪಾಸಿನಲ್ಲಿ, ಕೆಲವೇ ಕಿಲೋಮೀಟರು ಉತ್ತರಕ್ಕೆ, ಪಾಲಾರಿವಟ್ಟದ ಮೇಲ್ಸೇತುವೆಯು ಮುಚ್ಚಿಯೇ ಇದ್ದಿತು. 2016ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡ ಅದರ ತೊಲೆಗಳಲ್ಲಿ ಬಿರುಕು ಕಂಡು, 2019ರ ಮೇ ತಿಂಗಳಲ್ಲಿ ಸಂಚಾರವನ್ನು ನಿಲ್ಲಿಸಬೇಕಾಯಿತು. ಮದ್ರಾಸ್ ಐ.ಐ.ಟಿ.ಯ ತಜ್ಞರು ಪರೀಕ್ಷಿಸಿದರು. ಮೆಟ್ರೊ ಖ್ಯಾತಿಯ ಇ. ಶ್ರೀಧರನ್ ಅವರು ಸಲಹೆಯಿತ್ತರು. ಭಾರ ಹೇರಿ ಪರೀಕ್ಷಿಸಬೇಕೇ, ಒಡೆದು ಕಟ್ಟಬೇಕೇ ಎಂಬ ವಾದವು ಸುಪ್ರೀಂ ಕೋರ್ಟಿನವರೆಗೂ ಹೋಗಿ, 2020ರ ಸೆಪ್ಟೆಂಬರಿನಲ್ಲಿ ಪುನರ್ನಿರ್ಮಾಣಕ್ಕೆ ಅನುಮತಿ ದೊರೆಯಿತು. ಸೇತುವೆಯು ಮತ್ತೆ ತೆರೆದದ್ದು 2021ರ ಮಾರ್ಚಿನಲ್ಲಿ. ಈ ನಡುವೆ ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ತಲಪಬೇಕಾದ ಗುಮಾಸ್ತನೂ ಮಾಣಿಯೂ ಬಸ್ಸಿನಲ್ಲಿ ಕಳೆದ ಗಳಿಗೆಗಳಿಗೆ ಪರಿಹಾರ ಕೊಡುವವರು ಯಾರು?

ದೇಶದಲ್ಲಿ ವಿದ್ಯೆಗೇನೂ ಬರವಿಲ್ಲ. ರೂರ್ಕಿಯಲ್ಲಿ 1947ರಲ್ಲಿ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯೂ, ದೆಹಲಿಯಲ್ಲಿ 1952ರಲ್ಲಿ ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆಯೂ ಸ್ಥಾಪಿತವಾದವು. ತಿರುವನಂತಪುರದಲ್ಲಿ ಸಾರಿಗೆಯ ಸಂಶೋಧನೆಗಾಗಿ ನ್ಯಾಟ್‌ಪ್ಯಾಕ್ ಇದೆ. ಲೋಕೋಪಯೋಗಿ ಇಲಾಖೆಯದೇ ಹೆದ್ದಾರಿ ಸಂಶೋಧನಾ ಸಂಸ್ಥೆಯೂ ಇದೆ. ಇವೆಲ್ಲವೂ ಸಾರ್ವಜನಿಕ ಧನದಿಂದ ನಡೆಯುವಂಥವು. ಇಂಥ ವೆಚ್ಚವು ವ್ಯರ್ಥವಲ್ಲವೆಂಬುದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಘಟಕವು, ಮಣ್ಣಿಗೆ ಕೊಂಚ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ, ಭಟ್ಟಿಯಲ್ಲಿ ಸುಡದ ಇಟ್ಟಿಗೆಗಳಿಂದ ಮನೆ ಕಟ್ಟುವ ವಿಧಾನವನ್ನು ಬೆಳೆಸಿತು. ಇಟ್ಟಿಗೆ ಸುಡುವ ಸೌದೆಯಷ್ಟೂ ಉಳಿತಾಯವಾಯಿತು.

ಆದರೆ ಸಲಹಾ ಸಮಿತಿಯ ಮಾತು ಕಡತದಲ್ಲಿ ಮಲಗಿದರೆ ಪ್ರಯೋಜನವೇನು? ನಕ್ಷೆ ಸಿದ್ಧವಾಗುವಾಗ, ಕಾಂಕ್ರೀಟು ಸುರಿಯುವಾಗ, ಕಾಮಗಾರಿ ಮುಗಿದಾಗ, ಈ ಮೂರು ಹಂತಗಳಲ್ಲಿಯೂ ಸ್ವತಂತ್ರ ತಜ್ಞರ ಪರೀಕ್ಷೆ ನಡೆಯಬೇಕು. ಅದರ ವರದಿಯು ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಪ್ರಕಟವಾಗಬೇಕು. ಅದಕ್ಕೆ ತಗಲುವ ಹಣವನ್ನು ಅಂದಾಜುಪಟ್ಟಿಯಲ್ಲಿಯೇ ತೆಗೆದಿರಿಸಬೇಕು. ಹೋಟೆಲಿನ ಒಂದು ಲೋಟ ಕಾಫಿಗೂ ತೆರಿಗೆ ತೆರುವ ಪ್ರಜೆಗೆ ಇಷ್ಟನ್ನು ಕೇಳುವ ಹಕ್ಕು ಖಂಡಿತವಾಗಿಯೂ ಉಂಟು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯು ಮುಂದಿನ ಸೇತುವೆಯ ಮಟ್ಟಿಗಾದರೂ ಸುಳ್ಳಾಗಲಿ.